ಯಾವುದು ಮೊದಲು, ಯಾವುದು ಆಮೇಲೆ: ಇಂಗ್ಲಿಷ್ ವಾಕ್ಯದಲ್ಲಿ ಕಾಲದ ಗೊಂದಲ

ಕಿತ್ತೂರಿನ ಬಗ್ಗೆ ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯುವಾಗ ಇಂಥ ಒಂದು ವಾಕ್ಯ ತಾನಾಗಿಯೇ ಬಂದುಬಿಡುತ್ತದೆ: 'ವೆನ್ ಥ್ಯಾಕರೆ ಕೇಮ್ ಟು ಕಿತ್ತೂರು, ದಿ ಯಂಗ್ ಕಿಂಗ್ ಡೈಡ್.' ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಓದಿದವರಿಗೆ ಥ್ಯಾಕರೆ, ಅಂದರೆ ಧಾರವಾಡದ ಬ್ರಿಟಿಷ್ ಕಲೆಕ್ಟರ್, ಬಂದ ಮೇಲೆ ರಾಜ ಸತ್ತ ಅನಿಸುತ್ತದೆ. ನಡೆದದ್ದು ಹಾಗಲ್ಲ. ಆ ರಾಜ ಶಿವಲಿಂಗರುದ್ರಸರ್ಜ ತೀರಿಕೊಂಡದ್ದು ಮೊದಲು. ದತ್ತು ಒಪ್ಪುವುದಿಲ್ಲ ಎಂದು ಕಂಪನಿಯವರು ಸಂಸ್ಥಾನಕ್ಕೆ ಕೈ ಹಾಕಿದ್ದು ಆಮೇಲೆ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಸತ್ತವನು ಥ್ಯಾಕರೆಯೇ. 'ಡೈಡ್' ಇದ್ದಲ್ಲಿ 'ಹ್ಯಾಡ್ ಆಲ್ರೆಡಿ ಡೈಡ್' ಎಂದು ಬರೆದರೆ ಇತಿಹಾಸ ಸರಿಯಾಗಿ ನಿಲ್ಲುತ್ತದೆ.

ವಿಜಯಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವ ನಮ್ಮಂಥವರಿಗೆ ಇದು ಯಾಕೆ ಕಷ್ಟ? ಕನ್ನಡದಲ್ಲಿ ಹಿಂದುಮುಂದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. 'ಸಾಹೇಬರು ಬಂದ ಮೇಲೆ ಕ್ಲರ್ಕ್ ಹೋದ', 'ಬರುವಾಗ ಹೋದ', 'ಬರುವಷ್ಟರಲ್ಲಿ ಹೋಗಿದ್ದ'. ಮೂರೂ ಬೇರೆ ಬೇರೆ, ಅಲ್ವಾ? ಇಂಗ್ಲಿಷ್‌ಗೆ ಹೋದ ಕೂಡಲೇ ಮೂರಕ್ಕೂ ನಾವು ಒಂದೇ 'ವೆನ್' ಹಾಕುತ್ತೇವೆ. ಅಲ್ಲೇ ಎಡವಟ್ಟು. ಮೊದಲನೆಯದಕ್ಕೆ 'ಆಫ್ಟರ್', ಎರಡನೆಯದಕ್ಕೆ 'ಆಸ್', ಮೂರನೆಯದಕ್ಕೆ 'ಬೈ ದಿ ಟೈಮ್' ಹಾಕಿ, ಜೊತೆಗೆ 'ಹ್ಯಾಡ್ ಲೆಫ್ಟ್' ಬರೆಯಿರಿ. 'ಬಿಫೋರ್', 'ಆಫ್ಟರ್' ಇದ್ದರೆ ಕ್ರಮ ತಿಳಿದೇ ಹೋಗುತ್ತದೆ, ಆಗ 'ಹ್ಯಾಡ್' ಕಡ್ಡಾಯವಲ್ಲ. 'ದಿ ಕ್ಲರ್ಕ್ ಲೆಫ್ಟ್ ಬಿಫೋರ್ ದಿ ಆಫೀಸರ್ ಕೇಮ್' ಎಂದರೆ ಸಾಕು.

ಇದಕ್ಕೆ ಉಲ್ಟಾ ತಪ್ಪೂ ಇದೆ, ನಮ್ಮಲ್ಲಿ ಅದೇ ಜಾಸ್ತಿ. 'ನಿನ್ನೆ ಬೆಳಗಾವಿಗೆ ಹೋಗಿದ್ದೆ' ಎನ್ನುವ ರೂಢಿಯಲ್ಲಿ 'ಐ ಹ್ಯಾಡ್ ಗಾನ್ ಟು ಬೆಳಗಾವಿ ಯೆಸ್ಟರ್‌ಡೇ' ಎಂದು ಬರೆಯುತ್ತೇವೆ. 'ಹ್ಯಾಡ್ ಗಾನ್' ಕಂಡರೆ ಇಂಗ್ಲಿಷ್ ಓದುಗ ಅದಾದ ಮೇಲೆ ಏನೋ ಆಗಿರಬೇಕು ಎಂದು ಕಾಯುತ್ತಾನೆ. ಮುಂದೆ ಏನೂ ಬರದಿದ್ದರೆ ಸುಮ್ನೆ ಗೊಂದಲ. ಒಂದೇ ಘಟನೆ ಇದ್ದಾಗ 'ಐ ವೆಂಟ್' ಸಾಕು.

ಕಾಲ ಹೇಳುವ ಪದ ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. 'ದಿ ಡಾಕ್ಟರ್ ಸೆಡ್ ಆನ್ ಮಂಡೇ ದಿ ರಿಪೋರ್ಟ್ ವುಡ್ ಕಮ್.' ಡಾಕ್ಟರ್ ಹೇಳಿದ್ದು ಸೋಮವಾರವೋ, ರಿಪೋರ್ಟ್ ಬರುವುದು ಸೋಮವಾರವೋ? ಆ 'ಮಂಡೇ' ಎರಡೂ ಕಡೆ ಸೇರುತ್ತದೆ. ನಡುವೆ 'ದ್ಯಾಟ್' ಎಂಬ ಬೇಲಿ ಹಾಕಿ. 'ಸೆಡ್ ಆನ್ ಮಂಡೇ ದ್ಯಾಟ್' ಎಂದರೆ ಹೇಳಿದ ದಿನ. 'ಸೆಡ್ ದ್ಯಾಟ್ ದಿ ರಿಪೋರ್ಟ್ ವುಡ್ ಕಮ್ ಆನ್ ಮಂಡೇ' ಎಂದರೆ ಬರುವ ದಿನ.

ಇನ್ನು ಗಡುವಿನ ವಿಷಯ. ಇಳಕಲ್ಲಿನ ಸೀರೆ ಅಂಗಡಿಯವರು ಅಮೆರಿಕದ ಗಿರಾಕಿಗೆ ಮೇಲ್ ಬರೆಯುತ್ತಾರೆ ಎಂದುಕೊಳ್ಳಿ. 'ಪ್ಲೀಸ್ ಪೇ ಟಿಲ್ ನೆಕ್ಸ್ಟ್ ಫ್ರೈಡೇ.' ಇಷ್ಟು ಚಿಕ್ಕ ವಾಕ್ಯದಲ್ಲಿ ಎರಡು ತೊಡಕು. ನಮ್ಮ ಕಡೆ 'ಶುಕ್ರವಾರ ಮಟ ಟೈಮ್ ಐತಿ' ಅಂದರೆ ಅಷ್ಟರೊಳಗೆ ಕೊಡು ಎಂದೇ ಅರ್ಥ. ಇಂಗ್ಲಿಷ್‌ನಲ್ಲಿ 'ಟಿಲ್' ಅಂದರೆ ಆ ದಿನದವರೆಗೂ ಕೆಲಸ ನಡೆಯುತ್ತಲೇ ಇರಬೇಕು. ಗಡುವಿಗೆ 'ಬೈ' ಬೇಕು. 'ನೆಕ್ಸ್ಟ್ ಫ್ರೈಡೇ' ಇನ್ನೂ ಕಷ್ಟ. ಬುಧವಾರ ಓದಿದವರಲ್ಲಿ ಕೆಲವರಿಗೆ ಅದು ನಾಡಿದ್ದು, ಕೆಲವರಿಗೆ ಅದರ ಮುಂದಿನ ವಾರ. ಇಂಗ್ಲಿಷ್ ಮಾತೃಭಾಷೆಯವರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಹಾಗಾಗಿ ತಾರೀಖನ್ನೇ ಹಾಕಿ: 'ಬೈ 5 ಪಿಎಂ ಇಂಡಿಯನ್ ಟೈಮ್ ಆನ್ ಫ್ರೈಡೇ, 14 ನವೆಂಬರ್ 2025.' ವಾರ, ತಾರೀಖು ಎರಡೂ ಇದ್ದರೆ ಒಂದರಲ್ಲಿ ಕೈತಪ್ಪಾದರೂ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. 'ಐಎಸ್‌ಟಿ' ಎಂದಷ್ಟೇ ಬರೆಯಬೇಡಿ, ಐರ್ಲೆಂಡ್ ಮತ್ತು ಇಸ್ರೇಲಿನ ಸಮಯಕ್ಕೂ ಅದೇ ಮೂರು ಅಕ್ಷರ ಬಳಸುತ್ತಾರೆ.

ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ ಎನ್ನಲು ನಮ್ಮ ಊರುಗಳ ಹೆಸರೇ ಒಳ್ಳೆಯ ಉದಾಹರಣೆ. ಬಿಜಾಪುರ ಅಧಿಕೃತವಾಗಿ ವಿಜಯಪುರವಾದದ್ದು, ಬೆಳಗಾಂ ಬೆಳಗಾವಿಯಾದದ್ದು 01/11/2014ರಂದು. ನಮಗೆ ಅದು ರಾಜ್ಯೋತ್ಸವದ ದಿನ. ಅಮೆರಿಕದವರು ತಿಂಗಳನ್ನು ಮೊದಲು ಓದುತ್ತಾರೆ, ಅವರಿಗೆ ಅದು ಜನವರಿ 11. ಕಂಪ್ಯೂಟರ್ ಫೈಲಿನ ಹೆಸರಿನಲ್ಲಿ ಅಂಕಿಯೇ ಬೇಕಿದ್ದರೆ 2014-11-01 ಎಂದು ವರ್ಷ ಮೊದಲು ಬರೆಯಿರಿ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮ ಅದೇ.

'12 ಎಎಂ' ಬೇಡ. 'ಮಿಡ್‌ನೈಟ್ ಆನ್ ಫ್ರೈಡೇ' ಕೂಡ ಬೇಡ, ಅದು ಶುಕ್ರವಾರ ಶುರುವಾಗುವ ಹೊತ್ತೋ ಮುಗಿಯುವ ಹೊತ್ತೋ ಗೊತ್ತಾಗುವುದಿಲ್ಲ. '11:59 ಪಿಎಂ' ಎಂದರೆ ತಕರಾರೇ ಇಲ್ಲ. ರೈಲು ಟಿಕೆಟ್ಟಿನಲ್ಲಿ 15ನೇ ತಾರೀಖು 00:20 ಎಂದಿದ್ದರೆ ಸ್ಟೇಷನ್ನಿಗೆ ಹೋಗಬೇಕಾದದ್ದು 14ರ ರಾತ್ರಿ. ಇದನ್ನು ಇನ್ನೊಬ್ಬರಿಗೆ ಬರೆದು ತಿಳಿಸುವಾಗ 'ನೈಟ್ ಆಫ್ 14' ಎಂದು ಬಿಡಿಸಿ ಹೇಳಿ. ಇನ್ನು ತಾರೀಖು ಬದಲಾದಾಗ: ಮೊದಲೇ ಇಟ್ಟುಕೊಂಡೆವು ಎನ್ನಲು ನಾವು ಬಳಸುವ 'ಪ್ರಿಪೋನ್' ಭಾರತದ ಹೊರಗೆ ಹೆಚ್ಚಿನವರಿಗೆ ಗೊತ್ತಿಲ್ಲ. 'ಮೂವ್ಡ್ ಫಾರ್ವರ್ಡ್ ಬೈ ಟು ಡೇಸ್' ಎಂದರೆ ಕೆಲವರು ಹಿಂದಕ್ಕೆ, ಕೆಲವರು ಮುಂದಕ್ಕೆ ಎಣಿಸುತ್ತಾರೆ. ಅಲ್ಲೂ ಹೊಸ ತಾರೀಖು ಬರೆಯುವುದೇ ಸರಿ.

ಅಭ್ಯಾಸಕ್ಕೆ ಒಂದು ವಾಕ್ಯ ಕೊಡುತ್ತೇನೆ. 'ವೆನ್ ಮೊಹಮ್ಮದ್ ಆದಿಲ್ ಶಾ ಡೈಡ್ ಇನ್ 1656, ದಿ ಗೋಳಗುಮ್ಮಟ ವಾಸ್ ಬಿಲ್ಟ್.' ಇದನ್ನು 'ವಾಸ್ ಬೀಯಿಂಗ್ ಬಿಲ್ಟ್', 'ಹ್ಯಾಡ್ ಬೀನ್ ಬಿಲ್ಟ್' ಎಂದು ಬದಲಿಸಿ, ಮೂರನ್ನೂ ಕನ್ನಡದಲ್ಲಿ ಹೇಳಿ ನೋಡಿ. ಗುಮ್ಮಟದ ಕೆಲಸ ಶುರುವಾದದ್ದು ಅವನು ಬದುಕಿದ್ದಾಗಲೇ. ಮೂರರಲ್ಲಿ ಯಾವ ವಾಕ್ಯ ಆ ಮಾತನ್ನು ಸುಳ್ಳು ಮಾಡುತ್ತದೆ?