ಸಂಶೋಧಕರ ಸಾಧನೆಗೆ ಅಂಕಿ ಕಟ್ಟುವ ಪದ್ಧತಿ ಬೆಳೆದು ಬಂದ ಬಗೆ

‘ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ’ ಹರಳುಗಳ ರಚನೆಯನ್ನು ಅಧ್ಯಯನ ಮಾಡುವವರ ಜರ್ನಲ್. 2008ರಲ್ಲಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಜರ್ನಲ್‌ನ ಪ್ರಬಂಧವೊಂದನ್ನು ಬೇರೆ ಪ್ರಬಂಧಗಳು ಸರಾಸರಿ ಎಷ್ಟು ಸಲ ಉಲ್ಲೇಖಿಸಿವೆ ಎಂಬ ಅಂಕಿ, 2.051 ಇತ್ತು. ಮರುವರ್ಷ ಅದು 49.926ಕ್ಕೆ ಏರಿ, ಹೆಸರಾಂತ ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳೆರಡನ್ನೂ ಹಿಂದೆ ಹಾಕಿತು. 2011ರ ಹೊತ್ತಿಗೆ ಮತ್ತೆ 2.076ಕ್ಕೆ ಬಂದು ನಿಂತಿತು.

ಈ ಏರಿಳಿತಕ್ಕೆ ಕಾರಣ ಒಂದೇ ಒಂದು ಪ್ರಬಂಧ. ಗೋಟಿಂಗೆನ್ ವಿಶ್ವವಿದ್ಯಾಲಯದ ಜಾರ್ಜ್ ಶೆಲ್ಡ್ರಿಕ್ ತಾವು ರೂಪಿಸಿದ ಶೆಲ್‌ಎಕ್ಸ್ ಎಂಬ ಸಾಫ್ಟ್‌ವೇರ್‌ನ ಇತಿಹಾಸವನ್ನು 2008ರಲ್ಲಿ ಆ ಜರ್ನಲ್‌ನಲ್ಲಿ ಬರೆದರು. ಸಾಫ್ಟ್‌ವೇರ್ ಬಳಸಿದವರು ಉಲ್ಲೇಖ ಕೊಡಬೇಕಾದಾಗ ಈ ಪ್ರಬಂಧವನ್ನೇ ಕೊಡಬಹುದು ಎಂದು ಅದರಲ್ಲೇ ಸೂಚಿಸಿದ್ದರು. ಎಕ್ಸ್-ರೇ ಮೂಲಕ ಹರಳಿನ ರಚನೆ ಕಂಡುಹಿಡಿಯುವ ಪ್ರಯೋಗಾಲಯಗಳಲ್ಲಿ ಶೆಲ್‌ಎಕ್ಸ್ ಆಗಲೇ ಮನೆಮಾತಾಗಿತ್ತು. ಹೀಗಾಗಿ ಉಲ್ಲೇಖಗಳು ಸಾವಿರಗಟ್ಟಲೆ ಬಂದವು. ಅದೇ ಜರ್ನಲ್‌ನಲ್ಲಿ ಬರೆಯುತ್ತಿದ್ದ ಉಳಿದವರ ಕೆಲಸದಲ್ಲಿ ಏನೂ ಬದಲಾಗಿರಲಿಲ್ಲ. ಆದರೆ ಆ ಎರಡು ವರ್ಷ ಬಡ್ತಿಯ ಅರ್ಜಿಯಲ್ಲಿ ಜರ್ನಲ್‌ನ ಅಂಕಿ ನಮೂದಿಸಿದ ಯಾರೇ ಆದರೂ ಇಪ್ಪತ್ತು ಪಟ್ಟು ದೊಡ್ಡ ಸಂಶೋಧಕರಂತೆ ಕಂಡಿರುತ್ತಾರೆ.

ಲೆಕ್ಕ ಹಾಕುವ ಕ್ರಮ ನೋಡಿದರೆ ಇದು ಅರ್ಥವಾಗುತ್ತದೆ. 2009ರ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕಾದರೆ, ಆ ಜರ್ನಲ್‌ನಲ್ಲಿ 2007 ಮತ್ತು 2008ರಲ್ಲಿ ಪ್ರಕಟವಾದ ಬರಹಗಳಿಗೆ 2009ರಲ್ಲಿ ಸಿಕ್ಕ ಉಲ್ಲೇಖಗಳನ್ನೆಲ್ಲ ಕೂಡಿ, ಆ ಎರಡು ವರ್ಷದ ಸಂಶೋಧನಾ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಬೇಕು. 2008ರ ಪ್ರಬಂಧ 2009 ಮತ್ತು 2010ರ ಲೆಕ್ಕಕ್ಕೆ ಮಾತ್ರ ಬರುತ್ತದೆ, ಆಮೇಲೆ ಕಿಟಕಿಯಿಂದ ಹೊರಗೆ. ಇದೊಂದು ಸರಾಸರಿ. ಉಲ್ಲೇಖಗಳೋ, ಯಾವ ಜರ್ನಲ್‌ನಲ್ಲೂ ಸಮನಾಗಿ ಹಂಚಿಕೆಯಾಗುವುದಿಲ್ಲ: ಕೆಲವೇ ಪ್ರಬಂಧಗಳು ಬಹುಪಾಲನ್ನು ಬಾಚಿಕೊಳ್ಳುತ್ತವೆ, ಉಳಿದವು ಸರಾಸರಿಗಿಂತ ಎಷ್ಟೋ ಕೆಳಗಿರುತ್ತವೆ. ಇನ್ನೊಂದು ತೊಡಕೂ ಇದೆ. ಸಂಪಾದಕೀಯ, ಪತ್ರ ಮೊದಲಾದವಕ್ಕೆ ಬಂದ ಉಲ್ಲೇಖಗಳು ಅಂಶದಲ್ಲಿ ಸೇರುತ್ತವೆ, ಆದರೆ ಆ ಬರಹಗಳು ಛೇದದಲ್ಲಿ ಸೇರುವುದಿಲ್ಲ.

ಈ ಅಂಕಿಯನ್ನು ಮನುಷ್ಯರನ್ನು ತೂಗಲೆಂದು ಯಾರೂ ಹುಟ್ಟುಹಾಕಲಿಲ್ಲ. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉಲ್ಲೇಖ ಸೂಚಿಯ ಕಲ್ಪನೆ ಮುಂದಿಟ್ಟಾಗ ಅವರ ತಲೆಯಲ್ಲಿದ್ದದ್ದು ಹುಡುಕಾಟದ ಸಮಸ್ಯೆ. ಒಂದು ಪ್ರಬಂಧ ಕೈಗೆ ಸಿಕ್ಕರೆ, ಅದನ್ನು ಮುಂದೆ ಯಾರು ಬಳಸಿದರು, ಯಾರು ತಪ್ಪೆಂದು ತೋರಿಸಿದರು ಎಂದು ತಿಳಿಯುವುದು ಹೇಗೆ? ಅಮೆರಿಕದ ವಕೀಲರಿಗೆ 1873ರಿಂದಲೇ ಇಂಥದೊಂದು ಸೂಚಿ ಇತ್ತು. ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂಬುದು ಅದರಲ್ಲಿ ಸಿಗುತ್ತಿತ್ತು. ಗಾರ್ಫೀಲ್ಡ್ ಅದನ್ನು ವಿಜ್ಞಾನಕ್ಕೆ ತಂದರು. ಫಿಲಡೆಲ್ಫಿಯಾದ ಅವರ ಸಂಸ್ಥೆಯಿಂದ 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರಬಂತು. ಸೂಚಿಗೆ ಯಾವ ಜರ್ನಲ್‌ಗಳನ್ನು ಸೇರಿಸಿಕೊಳ್ಳಬೇಕೆಂದು ಆಯಲು ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕಾಯಿತು. ಗ್ರಂಥಪಾಲಕರು ಚಂದಾ ನಿರ್ಧರಿಸಲು ಅದನ್ನು ಬಳಸಿದರು. ಅಲ್ಲಿಂದ ನೇಮಕಾತಿ ಸಮಿತಿಯ ಮೇಜಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಸಮಿತಿಗಳು ಅದನ್ನು ಕೈಬೀಸಿ ಕರೆದದ್ದಕ್ಕೂ ಕಾರಣವಿತ್ತು. ಅಂಕಿಗಳಿಲ್ಲದ ಕಾಲದಲ್ಲಿ ಹಿರಿಯರ ಶಿಫಾರಸು ಪತ್ರವೇ ಪ್ರಮಾಣ. ಗುರುವಿನ ಹೆಸರು, ಓದಿದ ವಿಶ್ವವಿದ್ಯಾಲಯ, ಪರಿಚಯದ ವಲಯ ಇವೇ ಬಾಗಿಲು ತೆರೆಯುತ್ತಿದ್ದವು. ಯಾರ ಪರಿಚಯವೂ ಇಲ್ಲದವರಿಗೆ ಎಣಿಕೆ ಒಂದು ಆಸರೆಯಾಗಿ ಕಂಡದ್ದು ಸಹಜ, ಮತ್ತು ಆ ವಾದದಲ್ಲಿ ಇಂದಿಗೂ ಹುರುಳಿದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಎಚ್-ಇಂಡೆಕ್ಸ್ ತಂದರು. ಜರ್ನಲ್‌ನ ಅಂಕಿ ಬಿಟ್ಟು ವ್ಯಕ್ತಿಯ ಪ್ರಬಂಧಗಳನ್ನೇ ನೋಡೋಣ ಎಂಬುದು ಅದರ ಹುರುಳು. ತಲಾ ಕನಿಷ್ಠ ಎಷ್ಟು ಉಲ್ಲೇಖ ಪಡೆದ ಅಷ್ಟೇ ಸಂಖ್ಯೆಯ ಪ್ರಬಂಧಗಳಿವೆಯೋ, ಆ ಅತಿ ದೊಡ್ಡ ಸಂಖ್ಯೆಯೇ ಎಚ್. ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆ ಕ್ರಮದಲ್ಲಿ ಜೋಡಿಸಿ. ಒಬ್ಬರಿಗೆ 48, 33, 21, 9, 7, 6, 6, 2, 0 ಎಂದಿರಲಿ. ಆರನೆಯ ಪ್ರಬಂಧಕ್ಕೆ 6 ಉಲ್ಲೇಖ ಇದೆ, ಏಳನೆಯದಕ್ಕೆ 7 ಇಲ್ಲ. ಆದ್ದರಿಂದ ಎಚ್ 6. ಈಗ ಮೊದಲ ಪ್ರಬಂಧ ಒಂದು ಹೊಸ ಕ್ಷೇತ್ರವನ್ನೇ ತೆರೆದು ಅದರ ಉಲ್ಲೇಖ 48ರಿಂದ 4,800ಕ್ಕೆ ಏರಿತು ಎನ್ನೋಣ. ಎಚ್ ಆಗಲೂ 6ರಲ್ಲೇ ಇರುತ್ತದೆ. ಅದೇ ಸಂಶೋಧಕರು ಹೊಸದೊಂದು ಪ್ರಬಂಧ ಬರೆದು, ತಮ್ಮದೇ ಆರನೆಯ ಮತ್ತು ಏಳನೆಯ ಪ್ರಬಂಧಗಳನ್ನು ಒಂದೊಂದು ಸಲ ಉಲ್ಲೇಖಿಸಿದರೆ ಸಾಕು, ಎಚ್ 7 ಆಗುತ್ತದೆ. ಇಡೀ ಅಳತೆಯ ದೌರ್ಬಲ್ಯ ಈ ಒಂದು ಉದಾಹರಣೆಯಲ್ಲಿದೆ: ಅದು ಅಂಚಿನಲ್ಲಿರುವ ಪ್ರಬಂಧಕ್ಕೆ ಸ್ಪಂದಿಸುತ್ತದೆ, ಶಿಖರಕ್ಕೆ ಸ್ಪಂದಿಸುವುದಿಲ್ಲ.

ಹಿರ್ಷ್ ತಮ್ಮ ಪ್ರಬಂಧದಲ್ಲೇ ಮಟ್ಟಗಳನ್ನೂ ಸೂಚಿಸಿದ್ದರು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಭೌತವಿಜ್ಞಾನದ ಸಹ ಪ್ರಾಧ್ಯಾಪಕರಿಗೆ ಸುಮಾರು 12, ಪೂರ್ಣ ಪ್ರಾಧ್ಯಾಪಕರಿಗೆ ಸುಮಾರು 18, ಅಲ್ಲಿನ ವಿಜ್ಞಾನಿಗಳ ನ್ಯಾಷನಲ್ ಅಕಾಡೆಮಿಯ ಸದಸ್ಯತ್ವಕ್ಕೆ 45ರ ಆಸುಪಾಸು. ಇವು ಭೌತವಿಜ್ಞಾನಕ್ಕಷ್ಟೇ ಹೇಳಿದ ಅಂಕಿಗಳು. ಆದರೆ ಇಂಥ ಮಟ್ಟಗಳು ಬೇಗನೆ ಬೇರೆ ವಿಭಾಗಗಳಿಗೂ ಹಬ್ಬಿದವು. 2020ರಲ್ಲಿ ಹಿರ್ಷ್ ಅವರೇ ತಮ್ಮ ಸೂಚ್ಯಂಕ ಕೆಟ್ಟದಾಗಿ ಸೋಲಬಲ್ಲದು, ಉದ್ದೇಶಿಸದ ಹಾನಿಯನ್ನೂ ಮಾಡಬಲ್ಲದು ಎಂದು ಬರೆದರು.

ಭೌತವಿಜ್ಞಾನದೊಳಗೇ ಈ ಅಂಕಿ ಎರಡು ದಿಕ್ಕಿಗೆ ಎಳೆದಾಡುತ್ತದೆ. 2015ರಲ್ಲಿ ಹಿಗ್ಸ್ ಬೋಸಾನ್ ಎಂಬ ಮೂಲಕಣದ ದ್ರವ್ಯರಾಶಿ ಕುರಿತು ಯುರೋಪಿನ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. ಒಟ್ಟು 33 ಪುಟಗಳಲ್ಲಿ 24 ಪುಟ ಲೇಖಕರ ಹೆಸರು ಮತ್ತು ಸಂಸ್ಥೆಗಳಿಗೇ ಹೋಯಿತು. ಇಂಥ ಪ್ರಬಂಧಕ್ಕೆ ಬರುವ ಒಂದೊಂದು ಉಲ್ಲೇಖವೂ ಆ ಐದು ಸಾವಿರ ಜನರ ಖಾತೆಗೆ ಪೂರ್ತಿಯಾಗಿ ಜಮೆಯಾಗುತ್ತದೆ. ಅತ್ತ, ಆ ಕಣಕ್ಕೆ ಹೆಸರು ಕೊಟ್ಟ ಎಡಿನ್‌ಬರೊ ವಿಶ್ವವಿದ್ಯಾಲಯದ ಪೀಟರ್ ಹಿಗ್ಸ್ 1964ರ ನಂತರ ಬರೆದದ್ದು ಬೆರಳೆಣಿಕೆಯಷ್ಟು. ಈಗಿನ ವ್ಯವಸ್ಥೆಯಲ್ಲಿ ತಮಗೆ ಕೆಲಸವೇ ಸಿಗುತ್ತಿರಲಿಲ್ಲ ಎಂದು ಅವರು 2013ರಲ್ಲಿ, ನೊಬೆಲ್ ಸ್ವೀಕರಿಸುವ ಹೊತ್ತಿನಲ್ಲಿ ಹೇಳಿದ್ದರು.

ಎಂಜಿನಿಯರಿಂಗ್‌ಗೆ ಬಂದರೆ ಎಣಿಕೆಗೆ ಸಿಗದ ಭಾಗ ಇನ್ನೂ ದೊಡ್ಡದು. ನೀಲಿ ಎಲ್‌ಇಡಿಯ ಕೆಲಸವನ್ನೇ ಹತ್ತಿರದಿಂದ ನೋಡಿ. ನೀಲಿ ಬೆಳಕು ಕೊಡುವ ಗ್ಯಾಲಿಯಂ ನೈಟ್ರೈಡ್ ಹರಳನ್ನು ನೀಲಮಣಿಯ ಬಿಲ್ಲೆಯ ಮೇಲೆ ಬೆಳೆಸಬೇಕಿತ್ತು. ಎರಡರ ಪರಮಾಣು ಜಾಲಗಳ ಅಳತೆ ಸುಮಾರು ಶೇ 16ರಷ್ಟು ಹೊಂದುವುದಿಲ್ಲ. ನೇರವಾಗಿ ಬೆಳೆಸಿದರೆ ಪದರ ಒರಟಾಗಿ, ಬಿರುಕು ಬಿಟ್ಟು ಕೆಡುತ್ತಿತ್ತು. ಹೆಚ್ಚಿನ ಪ್ರಯೋಗಾಲಯಗಳು ಇದನ್ನು ಬಿಟ್ಟು ಜಿಂಕ್ ಸೆಲೆನೈಡ್ ಎಂಬ ಇನ್ನೊಂದು ವಸ್ತುವಿನತ್ತ ಹೊರಳಿದ್ದವು. ನಗೋಯಾ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಶಿ ಅಮಾನೊ 1986ರಲ್ಲಿ ಮೊದಲು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನ್ಯಾನೋಮೀಟರ್‌ನಷ್ಟು ತೆಳುವಾದ ಅಲ್ಯೂಮಿನಿಯಂ ನೈಟ್ರೈಡ್ ಪದರ ಕೂರಿಸಿ, ಆಮೇಲೆ ಬಿಸಿಯನ್ನು 1,000 ಡಿಗ್ರಿಗೆ ಏರಿಸಿ ಅದರ ಮೇಲೆ ಗ್ಯಾಲಿಯಂ ನೈಟ್ರೈಡ್ ಬೆಳೆಸಿದರು. ಪದರ ಕನ್ನಡಿಯಂತೆ ನಯವಾಗಿ ಬಂತು. ಇದೇ ಹಾದಿಯ ಕೆಲಸಕ್ಕೆ 2014ರಲ್ಲಿ ನೊಬೆಲ್ ಸಿಕ್ಕಿತು. ಎಲ್ಲರೂ ಬಿಟ್ಟುಹೋದ ಕ್ಷೇತ್ರದಲ್ಲಿ ಉಲ್ಲೇಖಿಸಲು ಜನರೇ ಕಡಿಮೆ. ಅಂಥ ಹೊತ್ತಿನಲ್ಲಿ ಎರಡು ಮೂರು ವರ್ಷದ ಕಿಟಕಿ ಇಟ್ಟು ಅಳೆದರೆ ಏನೂ ಕಾಣುವುದಿಲ್ಲ.

ಪೇಟೆಂಟ್ ಮತ್ತೊಂದು ಸಂಗತಿ. ಬಹುತೇಕ ದೇಶಗಳಲ್ಲಿ ಅರ್ಜಿ ಹಾಕುವ ಮೊದಲೇ ಪ್ರಬಂಧ ಪ್ರಕಟಿಸಿದರೆ ಹೊಸತನದ ಹಕ್ಕು ಕಳೆದುಹೋಗುತ್ತದೆ. ಆದ್ದರಿಂದ ಎಂಜಿನಿಯರಿಂಗ್ ಸಂಶೋಧಕರು ಪ್ರಬಂಧವನ್ನು ತಡೆಹಿಡಿಯುತ್ತಾರೆ. ಪೇಟೆಂಟ್ ಅರ್ಜಿಯೂ ಸಾಮಾನ್ಯವಾಗಿ 18 ತಿಂಗಳ ನಂತರವೇ ಸಾರ್ವಜನಿಕವಾಗುತ್ತದೆ.

ಡೊನ್ನಾ ಸ್ಟ್ರಿಕ್‌ಲೆಂಡ್ ಅವರಿಗೆ 2018ರಲ್ಲಿ ಭೌತವಿಜ್ಞಾನದ ನೊಬೆಲ್ ಬಂದಾಗ ಅವರು ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕಿ. ಪೂರ್ಣ ಪ್ರಾಧ್ಯಾಪಕ ಹುದ್ದೆಗೆ ಅರ್ಜಿಯನ್ನೇ ಹಾಕಿರಲಿಲ್ಲ. ಬಹುಮಾನಕ್ಕೆ ಕಾರಣವಾದದ್ದು ಪಿಎಚ್‌ಡಿ ಕಾಲದಲ್ಲಿ ತಮ್ಮ ಮಾರ್ಗದರ್ಶಕ ಜೆರಾರ್ ಮೂರೂ ಅವರ ಜೊತೆ 1985ರಲ್ಲಿ ಪ್ರಕಟಿಸಿದ ಮೂರು ಪುಟದ ಪ್ರಬಂಧ. ಲೇಸರ್ ಮಿಡಿತವನ್ನು ನೇರವಾಗಿ ವರ್ಧಿಸಿದರೆ ಅದರ ತೀವ್ರತೆಗೆ ವರ್ಧಕವೇ ಸುಟ್ಟುಹೋಗುತ್ತದೆ. ಅವರು ಮಿಡಿತವನ್ನು 1.4 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್‌ನಲ್ಲಿ ಹರಿಸಿ ಹಿಗ್ಗಿಸಿದರು, ಹಿಗ್ಗಿದ್ದನ್ನು ವರ್ಧಿಸಿದರು, ಕೊನೆಗೆ ಗ್ರೇಟಿಂಗ್ ಎಂಬ ಸೂಕ್ಷ್ಮ ಗೆರೆಗಳ ಫಲಕಗಳಿಂದ ಮತ್ತೆ ಕುಗ್ಗಿಸಿದರು. ಅತಿ ಪ್ರಬಲ ಲೇಸರ್‌ಗಳು ಇಂದಿಗೂ ಈ ಹಾದಿಯಲ್ಲೇ ಕೆಲಸ ಮಾಡುತ್ತವೆ. ವಿಧಾನ ಇಷ್ಟು ಸಾಮಾನ್ಯವಾದ ಮೇಲೆ ಮೂಲ ಪ್ರಬಂಧವನ್ನು ಉಲ್ಲೇಖಿಸುವ ಅಗತ್ಯವೂ ಅನೇಕರಿಗೆ ತೋರುವುದಿಲ್ಲ. ಬಲು ದೊಡ್ಡ ಕೆಲಸಗಳು ಎಣಿಕೆಯಿಂದ ಜಾರಿಹೋಗುವ ಬಗೆ ಇದು.

ತಿದ್ದುಪಡಿಯ ಪ್ರಯತ್ನಗಳು ತಡವಾಗಿಯಾದರೂ ಶುರುವಾದವು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರ ಡಿಸೆಂಬರ್‌ನಲ್ಲಿ ರೂಪುಗೊಂಡು ಮರುವರ್ಷ ಪ್ರಕಟವಾದ, ಸಂಶೋಧನೆಯ ಮೌಲ್ಯಮಾಪನ ಕುರಿತ ‘ಡೋರಾ’ ಘೋಷಣೆ, ನೇಮಕಾತಿ, ಬಡ್ತಿ, ಅನುದಾನಗಳಲ್ಲಿ ಜರ್ನಲ್‌ನ ಅಂಕಿ ಬಳಸಬಾರದು ಎಂದಿತು. 2015ರ ಲೈಡೆನ್ ಪ್ರಣಾಳಿಕೆ ಇಂಥ ಅಂಕಿಗಳನ್ನು ಹೇಗೆ ಬಳಸಬೇಕೆಂದು ಹತ್ತು ಸೂತ್ರಗಳನ್ನು ಕೊಟ್ಟಿತು. ಪ್ರತಿ ಲೇಖಕರೂ ಏನು ಮಾಡಿದರೆಂದು 14 ಬಗೆಯ ಪಾತ್ರಗಳಲ್ಲಿ ಗುರುತಿಸುವ ‘ಕ್ರೆಡಿಟ್’ ಪದ್ಧತಿ ಈಗ ಅನೇಕ ಜರ್ನಲ್‌ಗಳಲ್ಲಿದೆ. ಪ್ರಯೋಗ ನಡೆಸಿದವರು, ಸಾಫ್ಟ್‌ವೇರ್ ಬರೆದವರು, ಹಣ ತಂದವರು ಬೇರೆ ಬೇರೆಯಾಗಿ ಕಾಣುತ್ತಾರೆ. ನನ್ನ ಮಟ್ಟಿಗೆ ಇವೆಲ್ಲದರಲ್ಲಿ ಹೆಚ್ಚು ಕೆಲಸಕ್ಕೆ ಬಂದಿರುವುದು ಇದೇ.

ಆದರೂ ನೂರಾರು ಅರ್ಜಿಗಳು ಬಂದಾಗ ಸಮಿತಿ ಮೊದಲ ಜರಡಿಗೆ ಅಂಕಿಯನ್ನೇ ಹಿಡಿಯುತ್ತದೆ. ಹಿಡಿಯುವುದೇ ಆದರೆ ಕೆಲವು ಎಚ್ಚರಗಳು ಬೇಕು. ಅಂಕಿ ಯಾವ ದತ್ತಸಂಚಯದ್ದು, ಯಾವ ದಿನ ತೆಗೆದದ್ದು ಎಂದು ಬರೆಸಿ. ಗೂಗಲ್ ಸ್ಕಾಲರ್ ಪ್ರೌಢಪ್ರಬಂಧಗಳನ್ನೂ ಜರ್ನಲ್‌ಗೆ ಮೊದಲೇ ಅಂತರ್ಜಾಲದಲ್ಲಿ ಹಾಕಿದ ಪ್ರಿಪ್ರಿಂಟ್‌ಗಳನ್ನೂ ಎಣಿಸುವುದರಿಂದ ಅಲ್ಲಿ ಎಚ್ ಸಾಮಾನ್ಯವಾಗಿ ಹೆಚ್ಚು. ಆಯ್ದ ಜರ್ನಲ್‌ಗಳನ್ನಷ್ಟೇ ನೋಡುವ ವೆಬ್ ಆಫ್ ಸೈನ್ಸ್‌ನಲ್ಲಿ ಕಡಿಮೆ. ಒಬ್ಬರದನ್ನು ಇಲ್ಲಿಂದ, ಇನ್ನೊಬ್ಬರದನ್ನು ಅಲ್ಲಿಂದ ತೆಗೆದು ಹೋಲಿಸಿದರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಒಂದೇ ಇನಿಷಿಯಲ್, ಒಂದೇ ಹೆಸರಿನವರ ಪ್ರಬಂಧಗಳು ಬೆರೆತಿವೆಯೇ ನೋಡಿ. ಪ್ರತಿ ಸಂಶೋಧಕರನ್ನೂ ಬೇರೆಯಾಗಿ ಗುರುತಿಸಲು 2012ರಲ್ಲಿ ಬಂದ 16 ಅಂಕಿಯ ಆರ್ಕಿಡ್ ಸಂಖ್ಯೆ ಇರುವುದೇ ಇದಕ್ಕೆ. ಸ್ವಂತ ಉಲ್ಲೇಖಗಳನ್ನು ಕಳೆದು ಎಷ್ಟು ಉಳಿಯುತ್ತದೆ ಕೇಳಿ. ಪಿಎಚ್‌ಡಿ ಮುಗಿದ ಮೇಲಿನ ವರ್ಷಗಳಲ್ಲಿ ಹೆರಿಗೆ ರಜೆ, ಅನಾರೋಗ್ಯ, ಉದ್ಯಮದ ಕೆಲಸಕ್ಕೆ ಹೋದ ಅವಧಿ ಬಿಟ್ಟು ಲೆಕ್ಕ ಹಾಕಿ. ಕೊನೆಯದಾಗಿ, ಅರ್ಜಿದಾರರು ತಾವೇ ಆರಿಸಿದ ಮೂರೋ ಐದೋ ಪ್ರಬಂಧ, ಪೇಟೆಂಟ್ ಅಥವಾ ಸಾಫ್ಟ್‌ವೇರ್ ತರಿಸಿಕೊಂಡು, ಆ ವಿಷಯ ಗೊತ್ತಿರುವ ಇಬ್ಬರ ಕೈಯಲ್ಲಾದರೂ ಪೂರ್ತಿ ಓದಿಸಿ.