ಬಾಯ್ಲರ್‌ಗೆ ಬೇಕಾದ ನೀರು, ಬಾಯಿಗೆ ಬೇಕಾದ ನೀರು

‘ಮೇಡಂ, ನಮ್ಮ ನೀರಿನ ಟಿಡಿಎಸ್ ಬರೀ 40. ಅಂದ್ರೆ ಶುದ್ಧ ಅಲ್ವಾ?’

ಅಲ್ಲ ಎಂದರೆ ಮುಖ ಸಣ್ಣದಾಗುತ್ತದೆ. ಆದರೂ ಹೇಳಲೇಬೇಕು. ಟಿಡಿಎಸ್ ಅಂದರೆ ಒಂದು ಲೀಟರ್ ನೀರಿನಲ್ಲಿ ಲವಣದಂಥ ವಸ್ತುಗಳು ಎಷ್ಟು ಮಿಲಿಗ್ರಾಂ ಕರಗಿವೆ ಅನ್ನುವ ಲೆಕ್ಕ, ಅಷ್ಟೇ.

ನನ್ನ ನೌಕರಿಯ ಹೆಚ್ಚಿನ ಕಾಲ ಕಳೆದದ್ದು ಕಾರ್ಖಾನೆಯ ಲ್ಯಾಬ್‌ನಲ್ಲಿ. ಬಾಯ್ಲರ್‌ಗೆ ಹೋಗುವ ನೀರನ್ನು ದಿನವೂ ಪರೀಕ್ಷಿಸುತ್ತಿದ್ದೆ. ಅಲ್ಲಿ ಲವಣ ಜಾಸ್ತಿಯಾದರೆ ಕೊಳವೆಯೊಳಗೆ ಗಟ್ಟಿ ಪದರ ಕಟ್ಟುತ್ತದೆ. ಶಾಖ ದಾಟುವುದಿಲ್ಲ, ಕೊಳವೆ ಒಡೆಯಲೂಬಹುದು. ಅದಕ್ಕೇ ಟಿಡಿಎಸ್ ಕಡಿಮೆಯಿದ್ದಷ್ಟೂ ನೆಮ್ಮದಿ. (‘ಸ್ಯಾಂಪಲ್ ನಾವೇ ತರ್ತೀವಿ, ಪ್ಲಾಂಟ್ ಒಳಗೆ ನೀವು ಬರೋದು ಬೇಡ ಮೇಡಂ’ ಅನ್ನುತ್ತಿದ್ದ ಹುಡುಗರೇ ಆಮೇಲೆ ನನಗೆ ಏಣಿ ಹಿಡಿದು ನಿಲ್ಲುತ್ತಿದ್ದರು. ಅದು ಬೇರೆ ಕಥೆ.) ಈಗ ಜನರ ಕುಡಿಯುವ ನೀರನ್ನು ಪರೀಕ್ಷಿಸಿ ಕೊಡುತ್ತೇನೆ. ನೋಡಿದರೆ, ಬಾಯ್ಲರ್‌ನ ಲೆಕ್ಕವನ್ನೇ ಎಲ್ಲರೂ ಹೊಟ್ಟೆಗೂ ಹಚ್ಚಿಕೊಂಡಿದ್ದಾರೆ!

ಟಿಡಿಎಸ್ ನೋಡಲು ಜನ ನೀರಿಗೆ ಅದ್ದುವ, ಪೆನ್ನಿನಂಥ ಮೀಟರ್‌ಗೆ ಗೊತ್ತಿರುವುದು ಒಂದೇ ಕೆಲಸ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆದು, ಕರಗಿರುವ ಲವಣ ಇಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ. ಯಾವ ಲವಣ? ಅದಕ್ಕೆ ಗೊತ್ತಿಲ್ಲ. ಬ್ಯಾಕ್ಟೀರಿಯಾ ಅದರ ಕಣ್ಣಿಗೆ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರ್ಸೆನಿಕ್‌ಗೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀಟರ್ ಎಣಿಸುವುದೇ 1 ಮಿಲಿಗ್ರಾಂ ಲೆಕ್ಕದಲ್ಲಿ. ಮಿತಿಯ ಹತ್ತು ಪಟ್ಟು ವಿಷ ಇದ್ದರೂ ಅಂಕಿ ಅಲ್ಲಾಡುವುದಿಲ್ಲ. ಅದೇ 400 ತೋರಿಸುವ ನೀರಿನಲ್ಲಿ ಸುಮ್ನೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರಬಹುದು. 600ರ ಒಳಗಿದ್ದರೆ ಸಾಮಾನ್ಯವಾಗಿ ರುಚಿಗೂ ತೊಂದರೆಯಿಲ್ಲ.

ಫಿಲ್ಟರ್ ಮಾರುವವರ ಆಟವೊಂದಿದೆ. ಎರಡು ಲೋಟ ನೀರಿಗೆ ಲೋಹದ ಕಡ್ಡಿ ಇಳಿಸಿ ಕರೆಂಟ್ ಕೊಡುತ್ತಾರೆ. ನಲ್ಲಿ ನೀರು ನೋಡನೋಡುತ್ತಾ ಕಂದು ಬಗ್ಗಡವಾಗುತ್ತದೆ. ಅವರ ಫಿಲ್ಟರ್‌ನ ನೀರು ತಿಳಿಯಾಗಿಯೇ ಇರುತ್ತದೆ. ಮನೆಯವರು ಹೌಹಾರುತ್ತಾರೆ. ಆ ಬಗ್ಗಡ ನೀರಿನದ್ದಲ್ಲ, ಕಡ್ಡಿಯದ್ದು! ಕಬ್ಬಿಣ ಕರಗಿ ತುಕ್ಕಾಗಿದೆ ಅಷ್ಟೇ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದ ಕಾರಣ ಕಡ್ಡಿ ಕರಗಲಿಲ್ಲ. ಫಿಲ್ಟರ್‌ನ ನೀರಿಗೆ ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಮಾಡಿ ಅಂದರೆ ಅವರಿಗೆ ಆಗ ಬೇರೆ ಕಡೆ ಅರ್ಜೆಂಟ್ ಕೆಲಸ ನೆನಪಾಗುತ್ತದೆ.

ಅಂಕಿಯೊಂದನ್ನೇ ನೋಡಿದರೆ ಸಾಲದು, ನೀರು ಎಲ್ಲಿಯದು ಅಂತಲೂ ನೋಡಬೇಕು. ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ಮೊದಲ ವಿದ್ಯಾರ್ಥಿನಿ, ರಸಾಯನ ವಿಜ್ಞಾನಿ ಎಲೆನ್ ಸ್ವಾಲೋ ರಿಚರ್ಡ್ಸ್ ಅಲ್ಲಿಂದ ಪದವಿ ಪಡೆದದ್ದು 1873ರಲ್ಲಿ. 1887ರಲ್ಲಿ ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದ ನೀರನ್ನೆಲ್ಲ ಪರೀಕ್ಷಿಸುವ ದೊಡ್ಡ ಕೆಲಸಕ್ಕೆ ಕೈಹಾಕಿದರು. ಅದರಲ್ಲಿ ಕಂಡದ್ದು ಇದು: ಸಮುದ್ರದಿಂದ ದೂರ ಹೋದಂತೆ ನೀರಿನಲ್ಲಿ ಕ್ಲೋರೈಡ್ (ಅಡುಗೆ ಉಪ್ಪಿನಲ್ಲೂ ಇರುವ ಅಂಶ) ತಾನಾಗಿ ಕಡಿಮೆಯಾಗುತ್ತದೆ. ಆ ಜಾಗಕ್ಕೆ ಸಹಜವಾದದ್ದಕ್ಕಿಂತ ಜಾಸ್ತಿ ಕಂಡರೆ ಚರಂಡಿ ನೀರು ಸೇರಿದೆಯೇನೋ ಅಂತ ಅನುಮಾನ ಪಡಬೇಕು. ಕರಾವಳಿಯಲ್ಲಿ ಸಹಜವಾದ ಅಂಕಿ ಒಳನಾಡಿನಲ್ಲಿ ಎಚ್ಚರಿಕೆ. ನಾನು ‘ನೀರು ಎಲ್ಲಿಯದು’ ಅಂತ ಕೇಳುವುದು ಕುತೂಹಲಕ್ಕಲ್ಲ ಮಾರಾಯ್ರೇ.

ಆರ್‌ಒ, ಅಂದರೆ ಲವಣವನ್ನೂ ಸೋಸಿ ತೆಗೆಯುವ ಫಿಲ್ಟರ್, ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಫ್ಲೋರೈಡ್, ಆರ್ಸೆನಿಕ್ ಇರುವಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಪರೀಕ್ಷೆ ಮೊದಲು, ಖರೀದಿ ಆಮೇಲೆ. ಇನ್ನು ದಯವಿಟ್ಟು ಜ್ಯೂಸ್ ಬಾಟಲಿ ತೊಳೆದು ಅದರಲ್ಲಿ ನೀರು ತರಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬ್‌ನವರು ಕೊಡುವ ಬಾಟಲಿಯೇ ಆಗಬೇಕು. ಅದರ ತಳದಲ್ಲಿ ಚೂರು ಪುಡಿ ಕಂಡರೆ ಕೊಳೆ ಅಂತ ತೊಳೆದುಬಿಡಬೇಡಿ. ನೀರಿನಲ್ಲಿರುವ ಕ್ಲೋರಿನ್ ಪರೀಕ್ಷೆಗೆ ಮೊದಲೇ ಬ್ಯಾಕ್ಟೀರಿಯಾವನ್ನು ಕೊಲ್ಲದಂತೆ ತಡೆಯಲು ನಾವೇ ಹಾಕಿರುತ್ತೇವೆ.