ಆನ್‌ಲೈನ್ ತರಬೇತಿ ಎಂದರೆ ಹಿಂದೇಟು ಯಾಕೆ: ಜೊತೆಗೆ ಓದುವವರಿಗೆ ಟಿಪ್ಪಣಿ

ಮಾನವ ಸಂಪನ್ಮೂಲ ವಿಷಯದ ಪರೀಕ್ಷೆಯಲ್ಲಿ ‘ನೌಕರರು ಆನ್‌ಲೈನ್ ತರಬೇತಿಗೆ ಹಿಂದೇಟು ಹಾಕುವುದು ಯಾಕೆ, ಅದಕ್ಕೆ ಏನು ಮಾಡಬೇಕು’ ಎಂಬ ಪ್ರಶ್ನೆ ಬಂದರೆ ಹೆಚ್ಚಿನವರು ಬರೆಯುವುದು ಒಂದೇ ಉತ್ತರ: ವಯಸ್ಸಾದ ನೌಕರರಿಗೆ ಕಂಪ್ಯೂಟರ್ ಬರುವುದಿಲ್ಲ, ಮೊದಲು ಅದನ್ನು ಕಲಿಸಬೇಕು. ನನಗೆ ಇದು ಅರ್ಧ ಉತ್ತರವೆನಿಸುತ್ತದೆ. ಫೋನಿನಲ್ಲಿ ಕಾಫಿ, ಮೆಣಸಿನ ರೇಟು ನೋಡುವ, ರಾತ್ರಿ ಬೆಂಗಳೂರಿನ ಮಗಳೊಂದಿಗೆ ವಿಡಿಯೊ ಕಾಲ್‌ನಲ್ಲಿ ಮಾತಾಡುವ ಅದೇ ಮನುಷ್ಯ ಬೆಳಿಗ್ಗೆ ಆಫೀಸಿನ ಆನ್‌ಲೈನ್ ತರಬೇತಿ ಎಂದರೆ ‘ಟವರ್ ಸಿಗ್ತಿಲ್ಲ ಸಾರ್’ ಅನ್ನುತ್ತಾರೆ. ಅಡ್ಡ ಬರುತ್ತಿರುವುದು ಫೋನಲ್ಲ.

ಉದಾಹರಣೆಗೆ ನಮ್ಮ ಹಾಸನ ಜಿಲ್ಲೆಯ ಸೊಸೈಟಿಗಳನ್ನೇ ತೆಗೆದುಕೊಳ್ಳೋಣ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಅಂದಾಜಿಸಿದ ವೆಚ್ಚ 2,516 ಕೋಟಿ ರೂಪಾಯಿ. ಸಕಲೇಶಪುರದ ಕಡೆಯ ಒಬ್ಬ ಕಾರ್ಯದರ್ಶಿಯನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತೈದು ವರ್ಷದಿಂದ ದಿನವಹಿ, ಸಾಲದ ಲೆಡ್ಜರ್, ಗೊಬ್ಬರದ ದಾಸ್ತಾನು ಎಲ್ಲ ಅವರ ಕೈಬರಹದಲ್ಲೇ ಇವೆ. ಯಾವ ರೈತರ ಸಾಲ ಎಷ್ಟು ಬಾಕಿ ಎಂದು ಪುಸ್ತಕ ತೆರೆಯದೆ ಹೇಳುತ್ತಾರೆ. ಅವರಿಗೆ ಈಗ ಹೊಸ ಸಾಫ್ಟ್‌ವೇರನ್ನು ಪರದೆಯ ಮೂಲಕ ಕಲಿಸಬೇಕು. ಹೇಗೆ?

ಉಪಯೋಗ ಮೊದಲು, ಸುಲಭ ಆಮೇಲೆ

ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ತಂತ್ರಜ್ಞಾನ ಸ್ವೀಕಾರ ಮಾದರಿ ಇಲ್ಲಿ ಬೇಕೇ ಬೇಕು. ಹೊಸ ವ್ಯವಸ್ಥೆಯನ್ನು ಜನ ಒಪ್ಪುವುದು ಎರಡು ಭಾವನೆಗಳ ಮೇಲೆ: ಇದರಿಂದ ನನ್ನ ಕೆಲಸಕ್ಕೆ ಉಪಯೋಗವಿದೆಯೇ, ಇದನ್ನು ಬಳಸುವುದು ಸುಲಭವೇ. ಬಹಳ ಗೈಡುಗಳು ಇಷ್ಟಕ್ಕೇ ನಿಲ್ಲಿಸುತ್ತವೆ. ಆದರೆ ಡೇವಿಸ್ ಕಂಡದ್ದರಲ್ಲಿ ಮುಖ್ಯವಾದದ್ದು ಮುಂದಿನ ಮಾತು: ಬಳಕೆಯೊಂದಿಗೆ ಹೆಚ್ಚು ಗಟ್ಟಿಯಾದ ನಂಟು ಇದ್ದದ್ದು ಉಪಯೋಗಕ್ಕೆ, ಸುಲಭಕ್ಕಲ್ಲ. ಕೆಲಸಕ್ಕೆ ಬರುತ್ತದೆ ಎಂದು ಕಂಡರೆ ಜನ ಕಷ್ಟವನ್ನೂ ಸಹಿಸುತ್ತಾರೆ.

ನಮ್ಮ ತರಬೇತಿಗಳು ಮಾಡುವುದು ಇದರ ತಲೆಕೆಳಗು. ಮೊದಲ ಅವಧಿಯೆಲ್ಲ ಮ್ಯೂಟ್ ತೆಗೆಯುವುದು, ಪಾಸ್‌ವರ್ಡ್ ಬದಲಿಸುವುದು, ಹೆಸರು ಸರಿಮಾಡುವುದು. ಊಟಕ್ಕೆ ಕರೆದು ತಟ್ಟೆ ತೊಳೆಯುವುದನ್ನೇ ಒಂದು ಗಂಟೆ ತೋರಿಸಿದ ಹಾಗೆ. ಅದರ ಬದಲು ಮೊದಲ ಹತ್ತು ನಿಮಿಷದಲ್ಲಿ ಒಬ್ಬ ಸದಸ್ಯರ ಸಾಲದ ಅಸಲು, ಬಡ್ಡಿ, ಕಂತಿನ ದಿನಾಂಕ ಒಂದೇ ಪರದೆಯಲ್ಲಿ ಬರುವುದನ್ನು ತೋರಿಸಲಿ. ಆಡಿಟ್ ಸಮಯದಲ್ಲಿ ರಾತ್ರಿ ಕೂತು ಲೆಕ್ಕ ತಾಳೆ ಹಾಕಿದವರಿಗೆ ಮಿಕ್ಕದ್ದನ್ನು ವಿವರಿಸಬೇಕಿಲ್ಲ. ವಯಸ್ಕರ ಕಲಿಕೆಯ ಬಗ್ಗೆ ಮಾಲ್ಕಮ್ ನೋಲ್ಸ್ ಹೇಳಿದ್ದೂ ಇದಕ್ಕೆ ಹೊಂದುತ್ತದೆ: ದೊಡ್ಡವರಿಗೆ ‘ಯಾಕೆ ಕಲಿಯಬೇಕು’ ಎಂಬುದು ಮೊದಲು ಗೊತ್ತಾಗಬೇಕು, ಅವರ ಅನುಭವಕ್ಕೆ ಪಾಠದಲ್ಲಿ ಜಾಗ ಇರಬೇಕು.

ಮಾನದ ಪ್ರಶ್ನೆ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ಉತ್ತರಪತ್ರಿಕೆಯಲ್ಲೂ ಬರುವುದಿಲ್ಲ. ಕಾರ್ಯದರ್ಶಿ ತಡವರಿಸುವುದನ್ನು ಅದೇ ಪರದೆಯಲ್ಲಿ ಮೇಲಧಿಕಾರಿ ನೋಡುತ್ತಾರೆ, ಪಕ್ಕದಲ್ಲಿ ನಿಂತ ಹೊಸ ಗುಮಾಸ್ತನೂ ನೋಡುತ್ತಾನೆ. ‘ಟವರ್ ಇಲ್ಲ’ ಅನ್ನುವುದು ಆಗ ಮರ್ಯಾದೆ ಉಳಿಸಿಕೊಳ್ಳುವ ದಾರಿ. ಇದಕ್ಕೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯದ ನಂಬಿಕೆಯನ್ನು, ಅಂದರೆ ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು, ಜೋಡಿಸಿ. ಆ ನಂಬಿಕೆ ಹುಟ್ಟುವ ಮೂಲಗಳು ನಾಲ್ಕು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ಬೇರೆಯವರ ಧೈರ್ಯದ ಮಾತು, ಆ ಹೊತ್ತಿನ ದೇಹ-ಮನಸ್ಸಿನ ಸ್ಥಿತಿ. ಬಲವಾದದ್ದು ಮೊದಲನೆಯದು. ಹಾಗಾಗಿ ನಿಜವಾದ ಖಾತೆ ಕೆಡದಂತೆ, ಯಾರೂ ನೋಡದ ಕಡೆ, ಸುಳ್ಳು ಹೆಸರಿನ ಸಾಲಗಳನ್ನು ಹಾಕಿ ಅಳಿಸಿ ಆಡಲು ಬಿಡಬೇಕು. ಎರಡನೆಯದಕ್ಕೆ ಪಕ್ಕದ ಸೊಸೈಟಿಯ ಸಮವಯಸ್ಕರು ಸಾಕು. ಬೆಂಗಳೂರಿನಿಂದ ಪಟಪಟನೆ ಮಾತಾಡುವ ಹುಡುಗ ಎಷ್ಟೇ ಜಾಣನಾದರೂ ‘ತನ್ನಂಥವರು’ ಆಗುವುದಿಲ್ಲ.

ಕ್ಯಾಮೆರಾ ಕಡ್ಡಾಯ ಮಾಡುವ ಹಟವೂ ಬೇಡ. ಗಂಟೆಗಟ್ಟಲೆ ತನ್ನ ಮುಖವನ್ನೇ ನೋಡುತ್ತಾ ಕೂರುವುದು ಆಯಾಸ ತರುತ್ತದೆ ಎಂಬುದು ವಿಡಿಯೊ ಸಭೆಗಳ ದಣಿವಿಗೆ ಸಂಶೋಧಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಕೊಟ್ಟ ನಾಲ್ಕು ಕಾರಣಗಳಲ್ಲಿ ಒಂದು.

ಟವರೂ ನಿಜ, ಹೊತ್ತೂ ನಿಜ

ಹಾಗೆಂದು ಎಲ್ಲವೂ ನೆಪವಲ್ಲ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟು ಹೋದರೆ ಟವರೂ ಹೋಗುತ್ತದೆ. ಮಾರ್ಚ್ ಕೊನೆಯಲ್ಲಿ ಸಾಲ ಕಟ್ಟಿ ನವೀಕರಿಸುವ ನೂಕುನುಗ್ಗಲು. ಆ ದಿನಗಳಲ್ಲಿ ತರಬೇತಿ ಇಟ್ಟು, ಬಾರದವರನ್ನು ‘ಬದಲಾವಣೆಗೆ ವಿರೋಧಿ’ ಎನ್ನುವುದು ಅನ್ಯಾಯ. ಇಲ್ಲಿ ಬದಲಾಗಬೇಕಾದ್ದು ವೇಳಾಪಟ್ಟಿ.

ಒಂದು ಹಳೆಯ ದಾರಿ ನೆನಪಾಗುತ್ತದೆ. ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುತ್ತಿದ್ದ ಉಪಗ್ರಹಗಳಲ್ಲಿ 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಕೂಡ ಒಂದು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ ಪಂಚಾಯತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ಕೊಟ್ಟಿದೆ. ಅಲ್ಲಿ ಜನ ತಾಲ್ಲೂಕಿನ ಒಂದು ಕೋಣೆಯಲ್ಲಿ ಒಟ್ಟಿಗೆ ಕೂತು ನೋಡುತ್ತಿದ್ದರು. ಪಾಠ ದೂರದ್ದು, ಪಕ್ಕದಲ್ಲಿ ಕೂತವರು ಹತ್ತಿರದವರು. ಗಟ್ಟಿ ಸಂಪರ್ಕವಿರುವ ಒಂದು ಕೋಣೆಯಲ್ಲಿ ಆರೇಳು ಕಾರ್ಯದರ್ಶಿಗಳನ್ನು ಹೀಗೆ ಕೂರಿಸಿದರೆ ಟವರಿನ ತೊಂದರೆಯೂ ಮುಜುಗರವೂ ಒಟ್ಟಿಗೆ ತಗ್ಗುತ್ತವೆ.

ಕೊನೆಗೆ ಅಳೆಯುವುದು. ತರಬೇತಿ ಫಲ ಕೊಟ್ಟಿತೇ ಎಂದು ನೋಡಲು ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯತೊಡಗಿದ ನಾಲ್ಕು ಹಂತಗಳು: ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ. ವಿಡಿಯೊ ಓಡಲು ಬಿಟ್ಟು ಟೀ ಕುಡಿಯಲು ಹೋದವರಿಗೂ ಸರ್ಟಿಫಿಕೇಟ್ ಸಿಗಬಹುದು, ಅದನ್ನು ಎಣಿಸುವುದರಿಂದ ಕಲಿಕೆಯೂ ಗೊತ್ತಾಗುವುದಿಲ್ಲ. ಹತ್ತು ಅಂಕದ ಉತ್ತರದಲ್ಲಿ ಮೂರನೆಯ ಹಂತಕ್ಕೆ, ಅಂದರೆ ಕಲಿತದ್ದು ದಿನದ ಕೆಲಸದಲ್ಲಿ ಕಾಣುತ್ತಿದೆಯೇ ಎಂಬುದಕ್ಕೆ, ಉದಾಹರಣೆ ಕೊಡಿ: ಮೂರು ತಿಂಗಳ ನಂತರ ಸೊಸೈಟಿಗೆ ಹೋಗಿ, ಅಂದಿನ ರಸೀದಿ ಅಂದೇ ಸಾಫ್ಟ್‌ವೇರಿಗೆ ಏರುತ್ತಿದೆಯೋ, ಇಲ್ಲಾ ವಾರವಿಡೀ ಪುಸ್ತಕದಲ್ಲಿ ಬರೆದಿಟ್ಟು ಶನಿವಾರ ಗುಮಾಸ್ತನ ಕೈಯಲ್ಲಿ ಹಾಕಿಸುತ್ತಿದ್ದಾರೋ ನೋಡುವುದು.